ಡಿಗ್ರಿ ಮುಗಿದ ಮೇಲೆ ಪೂರ್ಣಾವಧಿ ಕೆಲಸ ಒಂದೇ ದಾರಿಯಾ?

ಪ್ರಶ್ನೆ: ಸಸ್ಯಶಾಸ್ತ್ರದಲ್ಲಿ ಡಿಗ್ರಿ ಮುಗಿಸಿ ಐದು ತಿಂಗಳಾಯಿತು. ಕ್ಲಾಸಿನಲ್ಲಿದ್ದ ಹೆಚ್ಚಿನವರು ಕೆಲಸಕ್ಕೆ ಸೇರಿದ್ದಾರೆ. ನನಗೂ ಒಂದು ಕಡೆ ಕೆಲಸ ಸಿಗುತ್ತಿತ್ತು. ಅದಕ್ಕೂ ನಾನು ಓದಿದ್ದಕ್ಕೂ ಸಂಬಂಧವೇ ಇರಲಿಲ್ಲ, ಬೇಡ ಅಂದೆ. ಅಪ್ಪ 'ಯಾವುದಾದರೂ ಸರಿ, ಮೊದಲು ಒಂದು ಕೆಲಸ ಹಿಡಿ' ಅನ್ನುತ್ತಾರೆ. ಗೆಳತಿ ಸರ್ಕಾರಿ ಪರೀಕ್ಷೆಗೆ ಒಟ್ಟಿಗೆ ಓದೋಣ ಅಂತ ಕರೆಯುತ್ತಿದ್ದಾಳೆ. ಒಂದು ದಿನ ಎಂ.ಎಸ್‌ಸಿ. ಮಾಡೋಣ ಅನಿಸುತ್ತದೆ, ಇನ್ನೊಂದು ದಿನ ಎಲ್ಲಾದರೂ ದೂರ ಹೋಗಿ ಬರೋಣ ಅನಿಸುತ್ತದೆ. ಗಿಡಗಳ ಚಿತ್ರ ಬಿಡಿಸುವುದು ನನಗೆ ತುಂಬಾ ಇಷ್ಟ. ಅಜ್ಜಿಗೆ ಹುಷಾರಿಲ್ಲ, ಮಧ್ಯಾಹ್ನ ಅವರನ್ನು ನಾನೇ ನೋಡಿಕೊಳ್ಳುತ್ತೇನೆ. ಪೂರ್ಣಾವಧಿ ಕೆಲಸಕ್ಕೆ ಹೋಗದ ಪದವೀಧರರು ಏನು ಮಾಡುತ್ತಾರೆ? ಒಂದು ವರ್ಷ ಹೀಗೇ ಹೋದರೆ ಆಮೇಲೆ ಯಾರಾದರೂ ಕೆಲಸ ಕೊಡುತ್ತಾರಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಭಯ ಮನಸ್ಸಿನಲ್ಲಿ ಕೂತಿದ್ದರೆ ನಾನು ಬೇರೆ ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ. ಕೊಡುತ್ತಾರೆ. ಒಂದು ವರ್ಷ ಕೆಲಸದಲ್ಲಿ ಇರಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಹೊಸ ಪದವೀಧರರಿಗೆ ಬಾಗಿಲು ಮುಚ್ಚುವುದಿಲ್ಲ.

ಸಮಾಧಾನಕ್ಕೆ ಹೀಗೆ ಹೇಳುತ್ತಿಲ್ಲ. ಅಮೆರಿಕದ ನಾಲ್ವರು ಅರ್ಥಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ನೋಡಿದ್ದಾರೆ. 2013ರಲ್ಲಿ ಅವರು ಕಾಲ್ಪನಿಕ ಪದವೀಧರರ ಹೆಸರಿನಲ್ಲಿ ಸುಮಾರು 9,400 ರೆಸ್ಯೂಮೆಗಳನ್ನು ನಿಜವಾದ ಉದ್ಯೋಗ ಜಾಹೀರಾತುಗಳಿಗೆ ಕಳಿಸಿದರು. ಕೆಲವು ರೆಸ್ಯೂಮೆಗಳಲ್ಲಿ ಕೆಲಸವಿಲ್ಲದ ತಿಂಗಳುಗಳಿದ್ದವು, ಕೆಲವದರಲ್ಲಿ ಇರಲಿಲ್ಲ. ಇಂಟರ್‌ವ್ಯೂ ಕರೆಗಳ ಲೆಕ್ಕದಲ್ಲಿ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಡಿಗ್ರಿಯೇ ಬೇಕಿಲ್ಲದ ಕೆಲಸದಲ್ಲಿ ಇದ್ದವರಿಗೆ, ಓದಿಗೆ ತಕ್ಕ ಕೆಲಸದಲ್ಲಿ ಇದ್ದವರಿಗಿಂತ ಸುಮಾರು ಶೇ 30ರಷ್ಟು ಕಡಿಮೆ ಕರೆ ಬಂದವು. ಹಾಗಾಗಿ ನಿಮ್ಮ ಅಪ್ಪ ಹೇಳುವ 'ಯಾವುದಾದರೂ ಸರಿ' ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಮನೆಯಲ್ಲಿ ಹಣಕ್ಕೆ ತುರ್ತಿದ್ದರೆ ಮಾತು ಬೇರೆ. ಆಗ ಸಿಕ್ಕಿದ ಕೆಲಸ ಹಿಡಿಯುವುದೇ ಸರಿ, ಅದರಲ್ಲಿ ಕೀಳು ಅನ್ನುವುದು ಏನೂ ಇಲ್ಲ.

ಹಾಗಂತ ಸುಮ್ನೆ ಕೂತರೂ ನಡೆಯುತ್ತದೆ ಅಂದುಕೊಳ್ಳಬೇಡಿ. ಇನ್ನೊಂದು ತಂಡ ಆಫೀಸ್ ಸಹಾಯಕ, ಮಾರಾಟ, ಗ್ರಾಹಕ ಸೇವೆಯಂಥ ಕೆಲಸಗಳಿಗೆ ಇದೇ ರೀತಿ ರೆಸ್ಯೂಮೆ ಕಳಿಸಿ ನೋಡಿತ್ತು. ಅಲ್ಲಿ ಕೆಲಸವಿಲ್ಲದ ಅವಧಿ ಬೆಳೆದಂತೆ ಮೊದಲ ಎಂಟು ತಿಂಗಳಲ್ಲಿ ಕರೆಗಳು ಚೆನ್ನಾಗಿಯೇ ಇಳಿದವು. ಕೆಲಸ ಸಿಗುವುದೇ ಎಲ್ಲರಿಗೂ ಕಷ್ಟವಾಗಿದ್ದ ಊರುಗಳಲ್ಲಿ ಆ ಇಳಿತ ಕಡಿಮೆ ಇತ್ತು. ಯಾಕೆ ಅಂತ ಯೋಚಿಸಿ. ರೆಸ್ಯೂಮೆಯಲ್ಲಿ ಖಾಲಿ ಜಾಗ ಕಂಡಾಗ ಓದುವವರು ಅದಕ್ಕೊಂದು ಕಾರಣ ಊಹಿಸುತ್ತಾರೆ. ಎಲ್ಲರಿಗೂ ಕಷ್ಟದ ಕಾಲವಾಗಿದ್ದರೆ ಕಾಲವನ್ನು ದೂರುತ್ತಾರೆ, ಇಲ್ಲದಿದ್ದರೆ ಅಭ್ಯರ್ಥಿಯನ್ನು ಅನುಮಾನಿಸುತ್ತಾರೆ. ಊಹೆಗೆ ಜಾಗ ಬಿಡದಂತೆ ಆ ಸಾಲನ್ನು ನೀವೇ ತುಂಬಿದರೆ ಸಮಸ್ಯೆ ಅರ್ಧ ಮುಗಿಯಿತು.

ಈಗ ಉಳಿದವರು ಏನು ಮಾಡುತ್ತಾರೆ ಅನ್ನುವ ಪ್ರಶ್ನೆ. ಬ್ರಿಟನ್‌ನಲ್ಲಿ 'ಗ್ರಾಜುಯೇಟ್ ಔಟ್‌ಕಮ್ಸ್' ಅಂತ ಒಂದು ದೊಡ್ಡ ಸಮೀಕ್ಷೆ ಇದೆ. ಕೋರ್ಸ್ ಮುಗಿಸಿದವರನ್ನೆಲ್ಲ ಹುಡುಕಿ 'ಈಗ ಏನು ಮಾಡುತ್ತಿದ್ದೀರಿ' ಅಂತ ಕೇಳುತ್ತಾರೆ. ಸಂಬಳದ ಕೆಲಸ ಅಲ್ಲಿ ಒಂದು ಉತ್ತರ ಮಾತ್ರ. ಸ್ವಂತ ಉದ್ಯೋಗ, ಸ್ವಂತ ವ್ಯಾಪಾರ, ಕಲೆಯ ಅಥವಾ ವೃತ್ತಿಯ ಪೋರ್ಟ್‌ಫೋಲಿಯೊ (ತೋರಿಸಲು ಮಾಡಿಟ್ಟ ಕೆಲಸಗಳ ಸಂಗ್ರಹ) ಕಟ್ಟುವುದು, ಸಂಬಳವಿಲ್ಲದ ಸ್ವಯಂಸೇವೆ, ಮುಂದಿನ ಓದು ಅಥವಾ ತರಬೇತಿ, ಪ್ರವಾಸ, ಮನೆಯವರ ಆರೈಕೆ, ಕೆಲಸ ಹುಡುಕುವುದು, ಇವೆಲ್ಲವೂ ಬೇರೆ ಬೇರೆ ಉತ್ತರಗಳಾಗಿ ಪಟ್ಟಿಯಲ್ಲಿವೆ. ಒಬ್ಬರೇ ಎಷ್ಟು ಬೇಕಾದರೂ ಗುರುತು ಹಾಕಬಹುದು. ನಿಮ್ಮ ಪತ್ರ ಓದುತ್ತಾ ನನಗೆ ಈ ಪಟ್ಟಿ ನೆನಪಾಯಿತು. 'ಏನೂ ಮಾಡುತ್ತಿಲ್ಲ' ಅನ್ನುವ ಧಾಟಿಯಲ್ಲಿ ಬರೆದಿದ್ದೀರಿ. ಆದರೆ ನೀವು ಈಗಲೇ ಅದರಲ್ಲಿ ಎರಡು ಗುರುತು ಹಾಕಬಹುದು, ಆರೈಕೆಗೆ ಒಂದು, ಚಿತ್ರಕ್ಕೆ ಒಂದು.

ಆ ಸಮೀಕ್ಷೆಯ ಇನ್ನೊಂದು ವಿಷಯ ನಿಮ್ಮ ಅಪ್ಪನಿಗೂ ಹೇಳಿ. ಅದಕ್ಕೂ ಮೊದಲು ಅಲ್ಲಿ ಇದ್ದ ಸಮೀಕ್ಷೆ ಕೋರ್ಸ್ ಮುಗಿದ ಸುಮಾರು ಆರು ತಿಂಗಳಿಗೇ ಈ ಪ್ರಶ್ನೆ ಕೇಳುತ್ತಿತ್ತು. 2017-18ರಲ್ಲಿ ಓದು ಮುಗಿಸಿದವರಿಂದ ಅದನ್ನು 15 ತಿಂಗಳಿಗೆ ಮುಂದೂಡಿದರು. ಆರು ತಿಂಗಳಲ್ಲಿ ಜನ ಇನ್ನೂ ನೆಲೆ ಹುಡುಕುತ್ತಿರುತ್ತಾರೆ, ಆಗ ಕೇಳಿದರೆ ನಿಜವಾದ ಚಿತ್ರ ಸಿಗುವುದಿಲ್ಲ ಅನ್ನುವುದು ಅದರ ಹಿಂದಿನ ಯೋಚನೆ. ನಿಮಗೆ ಆಗಿರುವುದು ಐದೇ ತಿಂಗಳು.

ಇನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಪೂರ್ಣಾವಧಿ ಕೆಲಸ ಬಿಟ್ಟು ಬೇರೆ ದಾರಿ ಹಿಡಿದವರು ಸೋಲುವುದು ದಾರಿ ತಪ್ಪಾಗಿದ್ದರಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಹಾಗಿಲ್ಲ. ಕೆಲಸ ಅನ್ನುವುದು ಸಂಬಳದ ಜೊತೆಗೆ ಸದ್ದಿಲ್ಲದೆ ಇನ್ನೂ ಕೆಲವನ್ನು ಕೊಡುತ್ತಿರುತ್ತದೆ. ಅವು ಇಲ್ಲದೆ ಹೋದಾಗ ಮನುಷ್ಯ ಒಳಗಿಂದ ಕುಸಿಯುತ್ತಾನೆ.

ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದ್ದು ಆಸ್ಟ್ರಿಯಾದ ಒಂದು ಸಣ್ಣ ಊರು. ವಿಯೆನ್ನಾ ಹತ್ತಿರದ ಮಾರಿಯೆಂಥಾಲ್‌ನಲ್ಲಿ ಇಡೀ ಊರಿಗೆ ಅನ್ನ ಕೊಡುತ್ತಿದ್ದ ಬಟ್ಟೆ ಗಿರಣಿ 1929-30ರಲ್ಲಿ ಮುಚ್ಚಿತು. ಮಾರೀ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಅನ್ನುವ ಯುವ ಸಂಶೋಧಕರ ತಂಡ ಅಲ್ಲಿಗೆ ಹೋಗಿ ಜನರ ದಿನಚರಿಯನ್ನು ಹತ್ತಿರದಿಂದ ದಾಖಲಿಸಿತು. 1933ರಲ್ಲಿ ವರದಿ ಬಂತು. ಈಗ ಜನರಿಗೆ ಬೇಕಾದಷ್ಟು ಸಮಯ ಇತ್ತು. ಊರಿನ ಲೈಬ್ರರಿಯಲ್ಲಿ ಪುಸ್ತಕಕ್ಕೆ ಕೊಡಬೇಕಿದ್ದ ಶುಲ್ಕವನ್ನೂ ತೆಗೆದಿದ್ದರು. ಆದರೂ ಎರಡು ವರ್ಷದಲ್ಲಿ ಜನ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಗಂಡಸರು ಬೀದಿಯಲ್ಲಿ ನಡೆಯುವ ವೇಗವೇ ತಗ್ಗಿತು, ನಡುನಡುವೆ ಸುಮ್ಮನೆ ನಿಂತುಬಿಡುತ್ತಿದ್ದರು. ಮನೆಗೆಲಸದ ಹೊತ್ತುಗೊತ್ತು ಇದ್ದ ಹೆಂಗಸರು ಅವರಿಗಿಂತ ಬೇಗ ನಡೆಯುತ್ತಿದ್ದರು.

ಯಹೋದಾ ಮುಂದೆ ಇದರ ಬಗ್ಗೆ ದಶಕಗಳ ಕಾಲ ಯೋಚಿಸಿದರು. ಕೆಲಸ ನಮಗೆ ಸಂಬಳವಲ್ಲದೆ ಐದು ಸಂಗತಿ ಕೊಡುತ್ತದೆ ಅಂದರು. ದಿನಕ್ಕೊಂದು ಕಟ್ಟು, ಅಂದರೆ ಹೊತ್ತುಹೊತ್ತಿಗೆ ಒಂದು ಕ್ರಮ. ಮನೆಯವರಲ್ಲದ ಜನರ ಒಡನಾಟ. ತನ್ನೊಬ್ಬರಿಗಿಂತ ದೊಡ್ಡದಾದ ಒಂದು ಗುರಿ. ನಾಲ್ಕು ಜನರ ನಡುವೆ ಒಂದು ಗುರುತು. ಬೇಕಿರಲಿ ಬೇಡವಾಗಿರಲಿ, ಮಾಡಲೇಬೇಕಾದ ಒಂದು ಕೆಲಸ. ನೀವು ಯಾವ ದಾರಿ ಹಿಡಿದರೂ ಈ ಐದರಲ್ಲಿ ಯಾವುದು ಅದರಿಂದ ಸಿಗುತ್ತದೆ, ಯಾವುದು ಸಿಗುವುದಿಲ್ಲ ಅಂತ ನೋಡಿ. ಸಿಗದೇ ಇರುವುದನ್ನು ಹೊರಗಿನಿಂದ ಹೊಂದಿಸಿಕೊಳ್ಳಿ. ನನ್ನ ಸಲಹೆಯ ತಿರುಳು ಇಷ್ಟೇ, ಉಳಿದದ್ದೆಲ್ಲ ಇದರ ವಿವರ.

ಗೆಳತಿ ಕರೆಯುತ್ತಿರುವ ಪರೀಕ್ಷೆಯ ದಾರಿಯನ್ನು ಹೀಗೆ ನೋಡೋಣ. ಸರ್ಕಾರಿ ಹುದ್ದೆಗೆ ಸ್ಪರ್ಧಾತ್ಮಕ ಪರೀಕ್ಷೆ ಇರುವ ಯಾವ ದೇಶದಲ್ಲಾದರೂ ಈ ಓದಿನಲ್ಲಿ ವರ್ಷಗಳನ್ನು ಕಳೆಯುವ ಪದವೀಧರರು ಇರುತ್ತಾರೆ. ಇದರಲ್ಲಿ ಗುರಿ ಇದೆ. 'ಪರೀಕ್ಷೆಗೆ ಓದುತ್ತಿದ್ದೇನೆ' ಅಂದರೆ ನೆಂಟರು ಮತ್ತೆ ಪ್ರಶ್ನೆ ಕೇಳುವುದಿಲ್ಲ, ಅಂದರೆ ಗುರುತೂ ಇದೆ. ಒಟ್ಟಿಗೆ ಓದಿದರೆ ದಿನಕ್ಕೆ ಕಟ್ಟೂ ಬರುತ್ತದೆ. ತೊಂದರೆ ಇರುವುದು ಇನ್ನೊಂದು ಕಡೆ. ಬೇರೆ ದಾರಿಗಳಲ್ಲಿ ಅರ್ಧಕ್ಕೆ ನಿಂತರೂ ಕೈಯಲ್ಲಿ ಏನಾದರೂ ಉಳಿಯುತ್ತದೆ. ಇಲ್ಲಿ ಕಟ್‌ಆಫ್‌ಗಿಂತ ಒಂದು ಅಂಕ ಕಡಿಮೆ ಬಂದರೂ, ನೂರು ಅಂಕ ಕಡಿಮೆ ಬಂದರೂ ಫಲಿತಾಂಶ ಒಂದೇ. ಆಗ 'ಇಷ್ಟು ವರ್ಷ ಹಾಕಿದ್ದೇನೆ, ಈಗ ಹೇಗೆ ಬಿಡಲಿ' ಅನ್ನುವ ಯೋಚನೆ ಬರುತ್ತದೆ. ಹಾಕಿದ ವರ್ಷಗಳೇ ಮುಂದಿನ ವರ್ಷವನ್ನು ಎಳೆದುಕೊಳ್ಳುತ್ತವೆ. ಇಪ್ಪತ್ತೆರಡಕ್ಕೆ ಕೂತವರು ಮೂವತ್ತರ ಹತ್ತಿರ ಬಂದು, ಇನ್ನೊಂದೇ ಸಲ ಅಂತ ನನ್ನ ಮುಂದೆ ಕೂತಿದ್ದಾರೆ. ಅವರ ಶ್ರಮ ನೋಡಿದರೆ ಸಂಕಟವಾಗುತ್ತದೆ.

ಆದ್ದರಿಂದ ಈ ದಾರಿ ಹಿಡಿಯುವುದಾದರೆ ಎಷ್ಟು ಸಲ ಬರೆಯುತ್ತೀರಿ ಅನ್ನುವುದನ್ನು ಪುಸ್ತಕ ಕೊಳ್ಳುವ ಮೊದಲೇ ನಿರ್ಧರಿಸಿ. ಕಾಗದದ ಮೇಲೆ ಬರೆದು ಮನೆಯವರಿಗೂ ತೋರಿಸಿ. ಫಲಿತಾಂಶ ಬಂದ ಸಂಜೆ ಆ ನಿರ್ಧಾರ ಮಾಡಲು ಯಾರಿಗೂ ಆಗುವುದಿಲ್ಲ. ಅದಕ್ಕೂ ಮೊದಲು ಆ ಹುದ್ದೆಯಲ್ಲಿ ಈಗ ಇರುವ ಒಬ್ಬರನ್ನು ಹುಡುಕಿ, ಸಾಮಾನ್ಯ ಮಂಗಳವಾರ ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡುತ್ತಾರೆ ಅಂತ ಕೇಳಿ. ಆ ದಿನ ನಿಮಗೆ ಇಷ್ಟವಾದರೆ ಓದಿ. ಗೆಳತಿ ಜೊತೆಗಿದ್ದಾಳೆ ಅನ್ನುವುದು ಓದನ್ನು ಸುಲಭ ಮಾಡುತ್ತದೆ ನಿಜ, ಆದರೆ ಅದೇ ಕಾರಣವಾಗಬಾರದು. ನಿಮ್ಮ ಪತ್ರದಲ್ಲಿ ಆ ಕೆಲಸದ ಬಗ್ಗೆ ಒಂದು ಮಾತೂ ಇಲ್ಲ, ಗಿಡಗಳ ಬಗ್ಗೆ ಇದೆ. ನನಗೆ ಅದು ಎದ್ದು ಕಂಡಿತು.

ಎಂ.ಎಸ್‌ಸಿ. ವಿಷಯ. ಮುಂದಿನ ಓದು ಪದವೀಧರರು ಹಿಡಿಯುವ ದಾರಿಗಳಲ್ಲಿ ತುಂಬಾ ಹಳೆಯದು, ಗೌರವದ್ದು. ಐದು ಸಂಗತಿಗಳೂ ಅದರಲ್ಲಿ ಸಿಗುತ್ತವೆ. ಅದಕ್ಕೇ ಅದು ಅಡಗಿಕೊಳ್ಳಲು ಒಳ್ಳೆಯ ಜಾಗವೂ ಹೌದು. 'ಈ ಪ್ರಶ್ನೆಗೆ ಉತ್ತರ ಬೇಕು' ಅಥವಾ 'ಈ ಕೆಲಸಕ್ಕೆ ಈ ಪದವಿ ಬೇಕೇ ಬೇಕು' ಅಂತ ಒಂದು ವಾಕ್ಯದಲ್ಲಿ ಹೇಳಲು ಬಂದರೆ ಹೋಗಿ. ಬರದಿದ್ದರೆ ಒಂದು ವರ್ಷ ತಡೆಯಿರಿ, ಸೀಟು ಎಲ್ಲಿಗೂ ಓಡಿಹೋಗುವುದಿಲ್ಲ. ಸಾಲ ಮಾಡಿ ಓದುವುದಾದರೆ ಈ ಮಾತು ಇನ್ನೂ ಜಾಸ್ತಿ ಅನ್ವಯಿಸುತ್ತದೆ. ವಿದೇಶದಲ್ಲಿ ಓದುವ ಆಸೆ ಇದ್ದರೆ ಯುರೋಪಿನ ಎರಾಸ್ಮಸ್ ಮುಂಡಸ್ ಕೋರ್ಸ್‌ಗಳನ್ನು ನೋಡಿ. 2004ರಿಂದ ನಡೆಯುತ್ತಿವೆ. ಒಂದೇ ಕೋರ್ಸನ್ನು ಕನಿಷ್ಠ ಎರಡು ದೇಶಗಳ ವಿಶ್ವವಿದ್ಯಾಲಯಗಳಲ್ಲಿ ಓದಬೇಕು. ಪ್ರಪಂಚದ ಯಾವ ದೇಶದವರಾದರೂ ಅರ್ಜಿ ಹಾಕಬಹುದು, ವಿದ್ಯಾರ್ಥಿವೇತನವೂ ಇದೆ. ಅರ್ಜಿ ತಯಾರಿಗೇ ತಿಂಗಳುಗಳು ಬೇಕು. ನಿಮ್ಮ ಈ ವರ್ಷದ ಒಂದು ಭಾಗವನ್ನು ಅದಕ್ಕೆ ಕೊಟ್ಟರೆ ಅದು ವ್ಯರ್ಥವಲ್ಲ.

ಓದು ನನಗೆ ಒಗ್ಗುತ್ತದಾ ಅಂತ ತಿಳಿಯಲು ಇನ್ನೊಂದು ಒಳ್ಳೆಯ ದಾರಿ ಇದೆ. ಯಾವುದಾದರೂ ಸಂಶೋಧಕರ ಬಳಿ ಆರು ತಿಂಗಳೋ ಒಂದು ವರ್ಷವೋ ಪ್ರಾಜೆಕ್ಟ್ ಸಹಾಯಕರಾಗಿ ಸೇರಿಕೊಳ್ಳುವುದು. ಸಂಬಳ ಕಡಿಮೆ, ಕೆಲವೊಮ್ಮೆ ಅರ್ಧ ದಿನದ ಕೆಲಸ. ಆದರೆ ಸಂಶೋಧನೆ ಅನ್ನುವುದು ದಿನದಿನಕ್ಕೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಎರಡು ವರ್ಷದ ಕೋರ್ಸ್‌ಗೆ ಸೇರಿ ಮಧ್ಯದಲ್ಲಿ ಬೇಸರಪಡುವುದಕ್ಕಿಂತ ಇದು ಎಷ್ಟೋ ಮೇಲು.

ದೂರ ಹೋಗುವ ಆಸೆಗೆ ಎರಡು ರೂಪ ಇರುತ್ತದೆ. ಒಂದು ಸೇವೆ, ಇನ್ನೊಂದು ತಿರುಗಾಟ.

ಸೇವೆಯ ದಾರಿಯನ್ನು ಕೆಲವು ದೇಶಗಳು ತುಂಬಾ ಗಂಭೀರವಾಗಿ ತೆಗೆದುಕೊಂಡಿವೆ. ನೈಜೀರಿಯಾದಲ್ಲಿ ಮೂವತ್ತರ ಒಳಗೆ ಪದವಿ ಮುಗಿಸಿದವರು ಒಂದು ವರ್ಷ ರಾಷ್ಟ್ರಸೇವೆ ಮಾಡಬೇಕು. ಅಂತರ್ಯುದ್ಧ 1970ರಲ್ಲಿ ಮುಗಿದ ಮೇಲೆ, ಒಡೆದ ಮನಸ್ಸುಗಳು ಕೂಡಲಿ ಅಂತ 1973ರಲ್ಲಿ ಇದನ್ನು ಶುರು ಮಾಡಿದರು. ಸಾಮಾನ್ಯವಾಗಿ ಸ್ವಂತ ರಾಜ್ಯ ಬಿಟ್ಟು ಬೇರೆ ರಾಜ್ಯಕ್ಕೇ ಕಳಿಸುತ್ತಾರೆ. ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕದ ಪೀಸ್ ಕೋರ್ 1961ರಲ್ಲಿ ಹುಟ್ಟಿತು, ತರಬೇತಿ ಸೇರಿ 27 ತಿಂಗಳ ಸೇವೆ. ಕಾಲೇಜು ಮುಗಿಸಿ ನೇರ ಅಲ್ಲಿಗೆ ಹೋಗುವವರು ತುಂಬಾ ಜನ. ಅದು ಅಮೆರಿಕದ ಪ್ರಜೆಗಳಿಗೆ ಮಾತ್ರ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಎಲ್ಲ ದೇಶದವರಿಗೂ ತೆರೆದಿದೆ. 1970ರಲ್ಲಿ ಸ್ಥಾಪನೆಯಾಯಿತು, ಕಚೇರಿ ಜರ್ಮನಿಯ ಬಾನ್‌ನಲ್ಲಿದೆ. ಪೂರ್ಣಾವಧಿ ಸ್ವಯಂಸೇವಕರಿಗೆ ಜೀವನವೆಚ್ಚಕ್ಕೆ ಭತ್ಯೆ ಕೊಡುತ್ತಾರೆ. ಅಜ್ಜಿಯನ್ನು ಬಿಟ್ಟು ಹೋಗಲಾಗದ ನಿಮ್ಮಂಥವರಿಗೆ ಇನ್ನೊಂದು ಸೌಲಭ್ಯ ಇದೆ. 18 ತುಂಬಿದ ಯಾರಾದರೂ ಮನೆಯಿಂದಲೇ ಆನ್‌ಲೈನ್ ಸ್ವಯಂಸೇವೆ ಮಾಡಬಹುದು. ಅನುವಾದ, ವಿನ್ಯಾಸ, ಚಿತ್ರ, ಬರವಣಿಗೆಯಂಥ ಕೆಲಸಗಳು ಅಲ್ಲಿ ಬರುತ್ತವೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಗಟ್ಟಿಯಾಗಿಯೇ ಹೇಳಬೇಕು. ನಿಮ್ಮಿಂದಲೇ ಹಣ ತೆಗೆದುಕೊಂಡು ಎರಡು ವಾರ ಅನಾಥಾಶ್ರಮದಲ್ಲಿ ಮಕ್ಕಳ ಜೊತೆ ಕಳೆಯಲು ಕಳಿಸುವ ಸಂಸ್ಥೆಗಳಿವೆ. ಅಲ್ಲಿಗೆ ಹೋಗಬೇಡಿ. ಇಂಥ ಕಡೆಗಳಲ್ಲಿ ಎಷ್ಟೋ ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿರುತ್ತಾರೆ. ಬರುವವರು ಹಣ ತರುತ್ತಾರೆ ಅನ್ನುವ ಕಾರಣಕ್ಕೇ ಮಕ್ಕಳನ್ನು ಮನೆಯಿಂದ ತಂದು ಇಟ್ಟುಕೊಳ್ಳುವುದೂ ನಡೆಯುತ್ತದೆ. ಎರಡು ವಾರಕ್ಕೊಬ್ಬರು ಬಂದು ಮುದ್ದು ಮಾಡಿ ಹೋಗುತ್ತಿದ್ದರೆ ಆ ಮಗುವಿನ ಮನಸ್ಸು ಏನಾಗಬೇಕು? ನಿಮ್ಮ ಕೌಶಲಕ್ಕೆ ನಿಜವಾಗಿ ಕೆಲಸ ಇದೆಯಾ, ನೀವು ಹೊರಟ ಮೇಲೆ ಆ ಕೆಲಸವನ್ನು ಸ್ಥಳೀಯರು ಮುಂದುವರಿಸುತ್ತಾರಾ ಅಂತ ಕೇಳಿ. ಉತ್ತರ ಸರಿಯಾಗಿ ಬರದಿದ್ದರೆ ಬೇಡ.

ತಿರುಗಾಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಅದು ಈ ವರ್ಷ ಕಷ್ಟ. ಮುಂದಕ್ಕೆ ತಿಳಿದಿರಲಿ. ಹಲವು ದೇಶಗಳು ವರ್ಕಿಂಗ್ ಹಾಲಿಡೇ ವೀಸಾ ಕೊಡುತ್ತವೆ. ಹೆಚ್ಚಾಗಿ 18ರಿಂದ 30 ವಯಸ್ಸಿನವರು ಒಂದು ವರ್ಷ ತಿರುಗುತ್ತಾ ದಾರಿಖರ್ಚಿಗೆ ಕೆಲಸ ಮಾಡಬಹುದು. ಯಾವ ದೇಶದವರಿಗೆ ಕೊಡುತ್ತಾರೆ ಅನ್ನುವುದು ಎರಡು ದೇಶಗಳ ಒಪ್ಪಂದದ ಮೇಲೆ ನಿಂತಿರುತ್ತದೆ. ವೂಫ್ ಅನ್ನುವ ಜಾಲ 1971ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು. ಸಾವಯವ ತೋಟಗಳಲ್ಲಿ ದಿನಕ್ಕೆ ಕೆಲವು ಗಂಟೆ ಕೆಲಸ ಮಾಡಿದರೆ ಊಟ, ವಸತಿ ಸಿಗುತ್ತದೆ. ಗಿಡ ಓದಿದವರಿಗೆ ಅದು ಬರೀ ಪ್ರವಾಸವಾಗುವುದಿಲ್ಲ. ಅಮೆರಿಕದ ಕೆಲವು ಕಾಲೇಜುಗಳ ಪದವೀಧರರಿಗೆ 1968ರಿಂದ ವಾಟ್ಸನ್ ಫೆಲೋಶಿಪ್ ಅಂತ ಕೊಡುತ್ತಾರೆ. ತಮಗಿಷ್ಟವಾದ ವಿಷಯದ ಬೆನ್ನು ಹತ್ತಿ ಒಂದು ವರ್ಷ ದೇಶದ ಹೊರಗೆ ಇರಬೇಕು, ನಡುವೆ ಮನೆಗೆ ಬರುವಂತಿಲ್ಲ. ಅಷ್ಟು ಸ್ವಾತಂತ್ರ್ಯ ಕೊಟ್ಟವರೂ ಮೂರು ತಿಂಗಳಿಗೊಮ್ಮೆ ವರದಿ ಕೇಳುತ್ತಾರೆ! ಯಾಕೆ ಅಂತ ಈಗ ನಿಮಗೆ ಗೊತ್ತು, ಅಲ್ವಾ?

ಅಜ್ಜಿಯ ಆರೈಕೆಗೆ ಬರುತ್ತೇನೆ. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಲೆಕ್ಕದಲ್ಲಿ ನಿರುದ್ಯೋಗಿ ಅಂದರೆ ಕೆಲಸ ಇಲ್ಲದ, ಕೆಲಸ ಹುಡುಕುತ್ತಿರುವ, ಸಿಕ್ಕರೆ ಸೇರಲು ಸಿದ್ಧವಿರುವ ವ್ಯಕ್ತಿ. ವಾರಕ್ಕೆ ಒಂದೇ ಗಂಟೆ ಸಂಬಳದ ಕೆಲಸ ಮಾಡಿದವರೂ ಅಲ್ಲಿ ಉದ್ಯೋಗಿಯೇ. ಆದರೆ ಮನೆಯವರ ಆರೈಕೆಗಾಗಿ ಉಳಿದವರು ಈ ಎರಡೂ ಪಟ್ಟಿಗೆ ಸೇರುವುದಿಲ್ಲ. ಅದೇ ಸಂಸ್ಥೆಯ 2018ರ ವರದಿಯ ಪ್ರಕಾರ ಇಂಥ ಸಂಬಳವಿಲ್ಲದ ಆರೈಕೆಯ ಕಾರಣಕ್ಕೆ ಸಂಬಳದ ಕೆಲಸಕ್ಕೆ ಹೋಗಲಾಗದ ಹೆಂಗಸರು ಪ್ರಪಂಚದಲ್ಲಿ 60.6 ಕೋಟಿ, ಗಂಡಸರು 4.1 ಕೋಟಿ. ನೀವು ಮಾಡುತ್ತಿರುವುದು ಕೆಲಸ. ರೆಸ್ಯೂಮೆಯಲ್ಲಿ 'ಮನೆಯಲ್ಲಿ ಹಿರಿಯರ ಆರೈಕೆ' ಅಂತ ತಿಂಗಳುಗಳ ಸಮೇತ ಒಂದು ಸಾಲು ಬರೆಯಿರಿ. ವಿವರಣೆ ಬೇಡ, ಕ್ಷಮೆಯಂತೂ ಬೇಡವೇ ಬೇಡ. ಜೊತೆಗೆ ಮನೆಯಲ್ಲಿ ಒಂದು ಮಾತು ಆಡಿ. ಮಧ್ಯಾಹ್ನ ನಿಮ್ಮದು, ಉಳಿದ ಹೊತ್ತು ಬೇರೆಯವರದು. ಕೆಲಸಕ್ಕೆ ಹೋಗದ ಮಗಳು ಮನೆಯಲ್ಲಿದ್ದರೆ ಮಧ್ಯಾಹ್ನದ ಆರೈಕೆ ಮೆಲ್ಲಗೆ ಇಡೀ ದಿನಕ್ಕೆ ಹಬ್ಬುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಹಾಗೆ ಮಾಡುವುದಿಲ್ಲ, ಆದರೆ ಹಾಗೇ ಆಗಿಬಿಡುತ್ತದೆ.

ಹಾಗಾದರೆ ನಿಮಗೆ ನಾನು ಹೇಳುವುದೇನು? ಬೆಳಿಗ್ಗೆಗಳನ್ನು ಹಿಡಿದುಕೊಳ್ಳಿ.

ಸಸ್ಯಶಾಸ್ತ್ರ ಓದಿ ಚಿತ್ರ ಬಿಡಿಸಲು ಬರುವವರು ಕಡಿಮೆ. ಎರಡೂ ಬಂದರೆ ಅದೊಂದು ವೃತ್ತಿ. ಗಿಡವೊಂದನ್ನು ಗುರುತಿಸಲು ಬೇಕಾದ ಹೂವು, ಕಾಯಿ, ಎಲೆಯ ಅಡಿ, ಕತ್ತರಿಸಿದ ಬೀಜ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಸರಿಯಾದ ಅಳತೆಯಲ್ಲಿ ತೋರಿಸುವುದು ಒಂದು ಫೋಟೊದಿಂದ ಆಗುವುದಿಲ್ಲ. ಅದಕ್ಕೇ ಸಸ್ಯವಿಜ್ಞಾನಿಗಳು ಇವತ್ತಿಗೂ ಚಿತ್ರಕಾರರನ್ನು ಹುಡುಕುತ್ತಾರೆ. 1787ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದ ಕರ್ಟಿಸ್ ಬಟಾನಿಕಲ್ ಮ್ಯಾಗಜೀನ್ ಈಗಲೂ ಬರುತ್ತಿದೆ, ಈಗಲೂ ಅದರಲ್ಲಿ ಕಲಾವಿದರು ಬಿಡಿಸಿದ ಗಿಡದ ಚಿತ್ರಗಳಿರುತ್ತವೆ.

ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಿಡುವ ಹರ್ಬೇರಿಯಂ ನಿಮಗೆ ಗೊತ್ತೇ ಇದೆ. ಅಲ್ಲಿ ಹಾಳೆ ಸರಿಪಡಿಸುವುದು, ಲೇಬಲ್ ಓದಿ ಕಂಪ್ಯೂಟರಿಗೆ ಹಾಕುವುದು, ಸ್ಕ್ಯಾನ್ ಮಾಡುವುದು ಮುಗಿಯದ ಕೆಲಸ. ವಾರಕ್ಕೆ ಮೂರು ಬೆಳಿಗ್ಗೆ ಬರುತ್ತೇನೆ ಅಂತ ಕೇಳಿ. ಸಂಬಳ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಯಾವ ತಿಂಗಳವರೆಗೆ, ಏನು ಕಲಿಸುತ್ತಾರೆ, ಕೊನೆಗೆ ಪತ್ರ ಕೊಡುತ್ತಾರಾ ಅನ್ನುವುದನ್ನು ಮೊದಲೇ ಮಾತಾಡಿಕೊಳ್ಳಿ. ಮೂರು ತಿಂಗಳ ಮೇಲೆ ಸಂಬಳವಿಲ್ಲದೆ ಮುಂದುವರಿಯಬೇಡಿ. ಅಷ್ಟು ದಿನ ಬೇಕಾಗುವ ಕೆಲಸಕ್ಕೆ ಸಂಬಳ ಕೊಡುವುದು ಅವರ ಹೊಣೆ. ಇನ್ನೆರಡು ಬೆಳಿಗ್ಗೆ ಚಿತ್ರಕ್ಕೆ. ವಾರಕ್ಕೊಂದು ಗಿಡ, ಪೂರ್ತಿ ಹಾಳೆ, ಅಳತೆ ಸಮೇತ. ನೋಡಿದ ಗಿಡಗಳನ್ನು, ಜನ ತಾವು ಕಂಡ ಗಿಡ, ಪ್ರಾಣಿಗಳ ಫೋಟೊ ಹಾಕುವ ಜಾಲತಾಣವಾದ ಐನ್ಯಾಚುರಲಿಸ್ಟ್‌ಗೂ ಹಾಕುತ್ತಾ ಹೋಗಿ. ಅಲ್ಲಿ ನೀವು ಗುರುತಿಸಿದ ಹೆಸರನ್ನು ಬಲ್ಲವರು ಒಪ್ಪುತ್ತಾರೆ, ಇಲ್ಲವೇ ತಿದ್ದುತ್ತಾರೆ. ಅಂದ ಹಾಗೆ ಆ ತಾಣ ಹುಟ್ಟಿದ್ದು 2008ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೂವರು ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್ ಆಗಿ.

ಈಗ ಐದು ಸಂಗತಿಗಳ ಜೊತೆ ಹೋಲಿಸಿ ನೋಡಿ. ಬೆಳಿಗ್ಗೆಯ ಹೊತ್ತು ದಿನಕ್ಕೆ ಕಟ್ಟು ಹಾಕುತ್ತದೆ. ಹರ್ಬೇರಿಯಂನಲ್ಲಿ ಜನ ಸಿಗುತ್ತಾರೆ. ಅಲ್ಲಿನ ಸಂಗ್ರಹ ನಿಮ್ಮೊಬ್ಬರಿಗಿಂತ ದೊಡ್ಡದಾದ ಗುರಿ. 'ಅಲ್ಲಿ ಕೆಲಸ ಮಾಡುತ್ತೇನೆ, ಸಸ್ಯಚಿತ್ರ ಬಿಡಿಸುತ್ತೇನೆ' ಅನ್ನಬಹುದು. ವಾರದ ಹಾಳೆ ಮುಗಿಸಲೇಬೇಕು. ವರ್ಷ ಮುಗಿಯುವ ಹೊತ್ತಿಗೆ ಕೈಯಲ್ಲಿ ನಲವತ್ತಕ್ಕೂ ಹೆಚ್ಚು ಹಾಳೆಗಳಿರುತ್ತವೆ. ಎಂ.ಎಸ್‌ಸಿ.ಗೆ ಹೋದರೂ, ಪ್ರಕಾಶಕರ ಬಳಿ ಹೋದರೂ, ಸಂಶೋಧನಾ ಸಂಸ್ಥೆಗೆ ಹೋದರೂ ತೋರಿಸಲು ಅದಕ್ಕಿಂತ ಒಳ್ಳೆಯದು ಬೇರೆ ಬೇಕಿಲ್ಲ. ಚಿತ್ರಕ್ಕೆ ಯಾರಾದರೂ ಹಣ ಕೊಡುತ್ತೇವೆ ಅಂದರೆ ಎಷ್ಟು ಚಿತ್ರ, ಯಾವಾಗ, ಎಷ್ಟು ಸಲ ತಿದ್ದುವುದು, ಹಕ್ಕು ಯಾರದು ಅನ್ನುವುದನ್ನು ಬರಹದಲ್ಲಿ ಪಡೆದು, ಸ್ವಲ್ಪ ಹಣ ಮುಂಗಡ ತೆಗೆದುಕೊಂಡೇ ಪೆನ್ಸಿಲ್ ಹಿಡಿಯಿರಿ.

ಹಣದ ಲೆಕ್ಕವನ್ನು ತಿಂಗಳುಗಳಲ್ಲಿ ಮಾಡಿ. ಕೈಯಲ್ಲಿರುವುದು, ಮನೆಯವರು ಕೊಡಲು ಒಪ್ಪುವುದು ಸೇರಿದರೆ ಎಷ್ಟು ತಿಂಗಳು ನಡೆಯುತ್ತದೆ? ಆ ಸಂಖ್ಯೆಯೇ ನಿಮ್ಮ ವರ್ಷದ ಉದ್ದ. ಕಡಿಮೆ ಬಿದ್ದರೆ ಸಂಜೆಗೆ ಪಾಠ ಹೇಳುವಂಥ ಒಂದು ಪಾರ್ಟ್ ಟೈಮ್ ಕೆಲಸ ಸೇರಿಸಿಕೊಳ್ಳಿ. ರೆಸ್ಯೂಮೆಯಲ್ಲಿ ಮಾತ್ರ ಹರ್ಬೇರಿಯಂ ಮತ್ತು ಚಿತ್ರ ಮೇಲೆ ಬರಲಿ, ಅದು ಕೆಳಗಿರಲಿ. ಮೊದಲು ಹೇಳಿದ ಶೇ 30ರ ಮಾತು ನೆನಪಿದೆಯಲ್ಲ, ಅದಕ್ಕೆ. ವಿದ್ಯಾರ್ಥಿ ಅನ್ನುವ ಗುರುತು ಹೋದ ಮೇಲೆ ಆರೋಗ್ಯ ವಿಮೆ, ಪ್ರಯಾಣದ ರಿಯಾಯಿತಿ, ಶಿಕ್ಷಣ ಸಾಲದ ಕಂತು ಇವೆಲ್ಲ ಬದಲಾಗುತ್ತವೆ. ಅವುಗಳ ದಿನಾಂಕ ನೋಡಿಕೊಳ್ಳಿ.

ಅಪ್ಪನ ಜೊತೆ ವಾದ ಬೇಡ. ಅವರ ಭಯ ಮಗಳು ಕೆಲಸಕ್ಕೆ ಹೋಗುತ್ತಿಲ್ಲ ಅನ್ನುವುದಕ್ಕಿಂತ, ಇದು ಎಂದು ಮುಗಿಯುತ್ತದೆ ಅಂತ ಗೊತ್ತಿಲ್ಲ ಅನ್ನುವುದು. ಒಂದು ಹಾಳೆಯಲ್ಲಿ ವಾರದ ಸಮಯಪಟ್ಟಿ, ಹಣದ ಲೆಕ್ಕ, ಮುಂದಿನ ನಿರ್ಧಾರದ ದಿನಾಂಕ ಬರೆದು ಕೊಡಿ. ತಿಂಗಳಿಗೊಮ್ಮೆ ಬಿಡಿಸಿದ ಹಾಳೆಗಳನ್ನು ಅವರ ಮುಂದೆ ಹರಡಿ. ಆ ದಿನಾಂಕ ಬಂದಾಗ ಎಂ.ಎಸ್‌ಸಿ. ಅರ್ಜಿಯೋ, ಕೆಲಸವೋ, ಇದನ್ನೇ ಮುಂದುವರಿಸುವುದೋ ಅಂತ ಒಟ್ಟಿಗೆ ಕೂತು ನಿರ್ಧರಿಸಿ.

ಇವೆಲ್ಲಕ್ಕಿಂತ ಮೊದಲು ಈ ವಾರವೇ ಮಾಡಬೇಕಾದ ಒಂದು ಕೆಲಸ ಇದೆ. ನಿಮ್ಮನ್ನು ಚೆನ್ನಾಗಿ ಬಲ್ಲ ಇಬ್ಬರು ಅಧ್ಯಾಪಕರಿಗೆ ಪತ್ರ ಬರೆದು ಶಿಫಾರಸು ಪತ್ರ ಕೇಳಿ. ಐದು ತಿಂಗಳಾದರೆ ಅವರಿಗೆ ನಿಮ್ಮ ಪ್ರಾಜೆಕ್ಟ್ ಇನ್ನೂ ನೆನಪಿರುತ್ತದೆ. ಎರಡು ವರ್ಷವಾದರೆ ಹೆಸರೂ ಕಷ್ಟ. ಅಂಕಪಟ್ಟಿಗಳ ದೃಢೀಕೃತ ಪ್ರತಿಗಳನ್ನೂ ಈಗಲೇ ತೆಗೆದಿಟ್ಟುಕೊಳ್ಳಿ. ಪತ್ರದ ಜೊತೆ ನಿಮ್ಮ ಮೂರು ಒಳ್ಳೆಯ ಚಿತ್ರಗಳನ್ನು ಕಳಿಸಿ, ಹರ್ಬೇರಿಯಂನಲ್ಲಿ ಯಾರನ್ನು ಹೋಗಿ ಕಾಣಬೇಕು ಅಂತಲೂ ಅದರಲ್ಲೇ ಕೇಳಿ.